ಸ್ಟೆಲಾರಿಸ್ ‘ಕಂಪ್ಲೀಟ್ ಸೆಟ್’ ಕೀ ತಗೊಳ್ಳೋ ಮುಂಚೆ ಇದನ್ನು ಓದಿ

ಎಲ್ಲ ಎಕ್ಸ್‌ಪ್ಯಾನ್ಷನ್ (ಮೂಲ ಆಟದ ಮೇಲೆ ದುಡ್ಡಿಗೆ ಸಿಗೋ ಹೆಚ್ಚುವರಿ ಭಾಗಗಳು) ಸೇರಿ ಒಂದೇ ಕೀ (ಆಟ ಪಡೆಯೋ ಕೋಡ್) ಅಂತ ಯಾರಾದರೂ ಸ್ಟೆಲಾರಿಸ್ ಅನ್ನೋ ಬಾಹ್ಯಾಕಾಶ ಸಾಮ್ರಾಜ್ಯದ ಕಂಪ್ಯೂಟರ್ ಆಟ ಮಾರೋಕೆ ಬಂದರೆ ದಯವಿಟ್ಟು ತಗೊಳ್ಳಬೇಡಿ. ನಾನು ದುಡ್ಡು ಕೊಟ್ಟಿದ್ದು ಇಡೀ ಸೆಟ್‌ಗೆ. ಬಂದಿದ್ದು ಬರೀ ಮೂಲ ಆಟ. ಬರೀ ಮೂಲ ಆಟ!

ಟೋಪಿ ಹಾಕಿದ ರೀತಿ ನೋಡಿ. ಈ ಆಟದಲ್ಲಿ ದೊಡ್ಡ ಎಕ್ಸ್‌ಪ್ಯಾನ್ಷನ್ ಬಂದಾಗ ಜೊತೆಗೊಂದು ಉಚಿತ ಅಪ್‌ಡೇಟ್ ಕೂಡ ಬರುತ್ತದೆ. ಆಟವನ್ನು ಬುಡಮೇಲು ಮಾಡೋದು ಎಷ್ಟೋ ಸಲ ಆ ಉಚಿತದ್ದೇ. 2016ರಲ್ಲಿ ನಕ್ಷತ್ರದಿಂದ ನಕ್ಷತ್ರಕ್ಕೆ ಹೋಗೋಕೆ ವಾರ್ಪ್, ವರ್ಮ್‌ಹೋಲ್, ಹೈಪರ್‌ಲೇನ್ ಅಂತ ಮೂರು ದಾರಿ ಇದ್ದವು. 2018ರಲ್ಲಿ ಅಪೋಕ್ಯಾಲಿಪ್ಸ್ ಅನ್ನೋ ಎಕ್ಸ್‌ಪ್ಯಾನ್ಷನ್ ಬಂದಾಗ ಎಲ್ಲರಿಗೂ ಹೈಪರ್‌ಲೇನ್ ಒಂದೇ ಉಳಿಯಿತು. ಅದೇ ವರ್ಷ ಮೆಗಾಕಾರ್ಪ್ ಎಕ್ಸ್‌ಪ್ಯಾನ್ಷನ್ ಜೊತೆ ಗ್ರಹದ ಮೇಲಿನ ಚೌಕಗಳು ಹೋಗಿ ಡಿಸ್ಟ್ರಿಕ್ಟ್‌ಗಳು (ವಲಯಗಳು) ಬಂದವು. ಇವೆಲ್ಲ ಏನೂ ಖರೀದಿಸದವರಿಗೂ ಸಿಕ್ಕಿವೆ. ಗ್ರಹವನ್ನೇ ಒಡೆಯೋ ಕೊಲೋಸಸ್, ಮೆಗಾಕಾರ್ಪ್ ಅಂತ ಕಂಪನಿಯಾಗಿ ಸಾಮ್ರಾಜ್ಯ ನಡೆಸೋದು, ನೆಮೆಸಿಸ್‌ನಲ್ಲಿ ನೀವೇ ಇಡೀ ಗ್ಯಾಲಕ್ಸಿಗೆ ಗಂಡಾಂತರ ಆಗೋದು, ಇವು ಮಾತ್ರ ದುಡ್ಡು ಕೊಟ್ಟವರಿಗೆ.

ನಾನು ಹಿಂದೆ ಗೆಳೆಯನ ಕಂಪ್ಯೂಟರ್‌ನಲ್ಲಿ ಆಡಿದ್ದು ತೀರಾ ಹಳೇ ಆವೃತ್ತಿ. ಹಾಗಾಗಿ ಈಗ ಕಂಡಿದ್ದೆಲ್ಲ ಹೊಸದೇ. ಆದರೂ ಅನುಮಾನ ಬಂದು ಮಾರಿದವನನ್ನೇ ಕೇಳಿದೆ. ಆಸಾಮಿ ತನ್ನ ಮಲ್ಟಿಪ್ಲೇಯರ್ ಆಟಕ್ಕೇ ಕರೆದ. “ಬನ್ನಿ ಸರ್, ಕಣ್ಣಾರೆ ನೋಡಿ.” ಹೋದೆ. ಮೆಗಾಕಾರ್ಪ್ ಆರಿಸಿದೆ, ಸಲೀಸಾಗಿ ಬಂತು. “ಖುಷಿನಾ ಸರ್? ಹಾಗಾದ್ರೆ ಐದು ಸ್ಟಾರ್ ಕೊಟ್ಬಿಡಿ.” ಕೊಟ್ಟೆ. ಆ ಐದು ಸ್ಟಾರ್ ನೆನೆಸಿಕೊಂಡರೆ ಈಗಲೂ ಮೈ ಉರಿಯುತ್ತದೆ.

ಆಮೇಲೆ ಒಬ್ಬನೇ ಕೂತು ಹೊಸ ಆಟ ಶುರು ಮಾಡಿದರೆ ಮೆಗಾಕಾರ್ಪ್ ಆರಿಸೋಕೇ ಆಗಲಿಲ್ಲ. ಆಟ ಮುಚ್ಚಿ ಮತ್ತೆ ತೆರೆದೆ. ಊಹೂಂ. ಲಾಂಚರ್‌ನಲ್ಲಿ (ಆಟಕ್ಕೂ ಮುಂಚೆ ತೆರೆಯೋ ಕಿಟಕಿ) ಡಿಎಲ್‌ಸಿ ಪಟ್ಟಿ, ಅಂದರೆ ಎಕ್ಸ್‌ಪ್ಯಾನ್ಷನ್‌ನಂಥ ಹೆಚ್ಚುವರಿಗಳ ಪಟ್ಟಿ ತೆಗೆದೆ. ಎಕ್ಸ್‌ಪ್ಯಾನ್ಷನ್ ಒಂದೂ ನನ್ನ ಹೆಸರಲ್ಲಿಲ್ಲ. ವಿಷಯ ಏನು ಗೊತ್ತಾ? ಮಲ್ಟಿಪ್ಲೇಯರ್‌ನಲ್ಲಿ ಹೋಸ್ಟ್, ಅಂದರೆ ಆಟ ಶುರು ಮಾಡಿ ಬೇರೆಯವರನ್ನು ಕರೆಯೋನ, ಹತ್ತಿರ ಇರೋ ಎಕ್ಸ್‌ಪ್ಯಾನ್ಷನ್ ಜೊತೆಗೆ ಆಡೋರಿಗೂ ಸಿಗುತ್ತದೆ. ನಾನು ಕಣ್ಣಾರೆ ನೋಡಿದ್ದು ಅವನದ್ದು, ನನ್ನದಲ್ಲ!

ಕೇಳಿದ್ದಕ್ಕೆ ಬಂದ ಉತ್ತರ: “ಹೈಪರ್‌ಲೇನ್ ಕಾಣ್ತಿದೆಯಾ ಸರ್? ಡಿಸ್ಟ್ರಿಕ್ಟ್ ಕಾಣ್ತಿದೆಯಾ? ಮತ್ತೆ ಅದೇ ಎಕ್ಸ್‌ಪ್ಯಾನ್ಷನ್.” ಅದು ಉಚಿತ ಅಪ್‌ಡೇಟ್ ಕಣಯ್ಯಾ, ಕೊಲೋಸಸ್ ಎಲ್ಲಿ ಅಂದೆ. “ಅದು ಆಟದ ಕೊನೆಗೆ ಬರತ್ತೆ ಸರ್, ಸ್ವಲ್ಪ ತಾಳ್ಮೆ ಇರ್ಲಿ.” ತಾಳ್ಮೆ ಅಂತೆ! ಲಾಂಚರ್ ಸ್ಕ್ರೀನ್‌ಶಾಟ್ ಕಳಿಸಿದೆ. “ಬಳಸಿದ ಕೀ ವಾಪಸ್ ತಗೊಳ್ಳಲ್ಲ. ನೀವೇ ಐದು ಸ್ಟಾರ್ ಕೊಟ್ಟಿದ್ದೀರಲ್ವಾ?” ಅಷ್ಟೇ, ಬ್ಲಾಕ್ ಮಾಡಿದ.

ಯಾರು ಏನೇ ತೋರಿಸಲಿ, ಮೊದಲು ಲಾಂಚರ್‌ನ ಡಿಎಲ್‌ಸಿ ಪಟ್ಟಿ ನೋಡಿ. ಮಾರುವವನ ಆಟಕ್ಕೆ ಸೇರಿಕೊಂಡು ಚೆಕ್ ಮಾಡಲೇಬೇಡಿ, ಒಬ್ಬರೇ ಹೊಸ ಆಟ ಶುರು ಮಾಡಿ ನೋಡಿ. ಸ್ಟೀಮ್ ಅನ್ನೋ ಆನ್‌ಲೈನ್ ಆಟದ ಅಂಗಡಿಯಲ್ಲೇ ನೇರವಾಗಿ ತಗೊಂಡರೆ 14 ದಿನದೊಳಗೆ, 2 ಗಂಟೆಗಿಂತ ಕಡಿಮೆ ಆಡಿದ್ದರೆ, ದುಡ್ಡು ವಾಪಸ್ ಕೇಳಬಹುದು. ಇಂಥವರ ಹತ್ತಿರ ಯಾರನ್ನು ಕೇಳ್ತೀರಿ? ಅವನ ಜಾಹೀರಾತು ಇನ್ನೂ ಓಡುತ್ತಿದೆ, ಈಗ ಅದರಲ್ಲಿ ‘ಲೈವ್ ಡೆಮೊ ಉಂಟು’ ಅಂತ ಬೇರೆ ಸೇರಿಸಿದ್ದಾನೆ.