ಉಣಕಲ್ ಕಡೆ ‘ಕೆರೆ ಕಾಣುವ ಮನೆ’ ಕೊಳ್ಳುವವರು ಇದನ್ನೊಮ್ಮೆ ಓದಿ

ಹುಬ್ಬಳ್ಳಿಯ ಉಣಕಲ್ ಕೆರೆ ಸುತ್ತಮುತ್ತ ಮನೆ ನೋಡುತ್ತಿರುವವರಿಗೆ ಒಂದು ಮಾತು. ಮಾಳಿಗೆ ಮೇಲಿಂದ ಕೆರೆ ಕಾಣುತ್ತದೆ ಅಂತ ಒಂದು ರೂಪಾಯಿ ಕೂಡ ಜಾಸ್ತಿ ಕೊಡಬೇಡಿ. ನಮ್ಮಿಂದ ಆ ನೆಪದಲ್ಲೇ ರೊಕ್ಕ ಜಾಸ್ತಿ ಇಸಕೊಂಡರು. ಈಗ ಮಾಳಿಗೆ ಹತ್ತಿದರೆ ಕಾಣುವುದು ಪಕ್ಕದವರ ಗಿಲಾವು ಆಗದ ಇಟ್ಟಂಗಿ ಗೋಡೆ ಮಾತ್ರ.

ಮನೆ ತೋರಿಸಿದಾಗ ಪಕ್ಕದ ಪ್ಲಾಟ್ ಖಾಲಿ ಇತ್ತು, ತುಂಬ ಜಾಲಿ ಬೆಳೆದಿತ್ತು. ಏಜೆಂಟ್ ಹೇಳಿದ್ದು ಹೀಗೆ: "ಇಲ್ಲೇನೂ ಎತ್ತರ ಏಳೂದಿಲ್ರಿ ಸರ್, ಚಂದ್ರಮೌಳೇಶ್ವರ ಗುಡಿ ಐತಲ್ಲ, ಸರ್ಕಾರದವ್ರು ಕಟ್ಟಾಕ ಬಿಡೂದಿಲ್ಲ." ಅರ್ಧ ನಿಜ ಬೆರೆಸಿದ ಸುಳ್ಳು ಇದು. ಗುಡಿ ಪುರಾತತ್ವ ಇಲಾಖೆಯ ರಕ್ಷಣೆಯಲ್ಲಿದೆ. ಸ್ಮಾರಕ ಕಾಯ್ದೆಗೆ 2010ರಲ್ಲಿ ಆದ ತಿದ್ದುಪಡಿ ಪ್ರಕಾರ ಸಂರಕ್ಷಿತ ಗಡಿಯಿಂದ 100 ಮೀಟರ್ ಒಳಗೆ ಹೊಸ ಕಟ್ಟಡ ಕಟ್ಟುವಂತಿಲ್ಲ, ಅದರ ಮುಂದಿನ 200 ಮೀಟರ್‌ನಲ್ಲಿ ಕಟ್ಟಲು ಅನುಮತಿ ಬೇಕು. ಅದರಾಚೆ ಈ ನಿಯಮ ಬರುವುದೇ ಇಲ್ಲ. ನಮ್ಮ ಓಣಿ ಇರುವುದು ಅದರಾಚೆ. ದಿನಾ ಅಲ್ಲೇ ಪ್ಲಾಟ್ ಮಾರುವವನಿಗೆ ಇದು ಗೊತ್ತಿರಲಿಲ್ಲ ಅಂತ ನಾನು ನಂಬುವುದಿಲ್ಲ. ಕಮಿಷನ್ ತಗೊಂಡ ಮೇಲೆ ಫೋನೂ ಎತ್ತಲಿಲ್ಲ.

ಪಕ್ಕದವರು ಕಟ್ಟಲು ಶುರು ಮಾಡಿದರು. ಎರಡನೇ ಸ್ಲ್ಯಾಬ್ ಬಿದ್ದಾಗ ಕೆರೆ ಮಧ್ಯದ ವಿವೇಕಾನಂದರ ಮೂರ್ತಿ ಮರೆಯಾಯಿತು, ಮೂರನೆಯದಕ್ಕೆ ನೀರೇ ಇಲ್ಲ. ಹೋಗಿ ಮಾತಾಡಿದೆ. "ನೀವು ಕೆರಿ ನೋಡಬೇಕಂತ ನಾ ಮನಿ ಕಟ್ಟೂದು ಬಿಡ್ಲೇನ್ರಿ? ನನ್ನ ಜಾಗಾ, ನನ್ನ ರೊಕ್ಕ" ಅಂದರು. ಮಾತಿಗೆ ಮಾತು ಬೆಳೆಯಿತು. ಓಣಿಯ ಹಿರಿಯರು ಬಂದು ಕೂತರು, ಅರ್ಧ ಮಂದಿ ಅವರ ಕಡೆ, ಅರ್ಧ ಮಂದಿ ನಮ್ಮ ಕಡೆ. ಕೊನೆಗೆ ವಕೀಲರ ಹತ್ತಿರ ಹೋದೆ.

ವಕೀಲರು ಹೇಳಿದ್ದನ್ನು ಎಲ್ಲರೂ ತಿಳಿದುಕೊಳ್ಳಬೇಕು. 1882ರ ಈಸ್‌ಮೆಂಟ್ ಕಾಯ್ದೆಯಲ್ಲಿ, ಅಂದರೆ ಬೇರೆಯವರ ಜಾಗದ ಮೇಲೆ ನಮಗಿರುವ ಅನುಭೋಗದ ಹಕ್ಕಿನ ಕಾಯ್ದೆಯಲ್ಲಿ, ಬೆಳಕು, ಗಾಳಿಗೆ ಹಕ್ಕು ಬರುತ್ತದೆ. ಅದೂ ಕಟ್ಟಡಕ್ಕೆ 20 ವರ್ಷ ತಡೆಯಿಲ್ಲದೆ ಬೆಳಕು, ಗಾಳಿ ಬಂದಿದ್ದರೆ ಮಾತ್ರ, ಮತ್ತು ಅದು ನಿಂತಿದ್ದರಿಂದ ನಿಮಗೆ ದೊಡ್ಡ ತೊಂದರೆಯೇ ಆಗಿರಬೇಕು. ಕೆರೆ, ಬೆಟ್ಟ ಕಾಣುವುದಕ್ಕೆ ಎಷ್ಟು ವರ್ಷ ಕಳೆದರೂ ಹಾಗೆ ಹಕ್ಕು ಹುಟ್ಟುವುದಿಲ್ಲ. ಪಕ್ಕದ ಜಾಗದ ಮಾಲೀಕರೇ ‘ಇಷ್ಟಕ್ಕಿಂತ ಎತ್ತರ ಕಟ್ಟುವುದಿಲ್ಲ’ ಅಂತ ಕರಾರು ಬರೆದುಕೊಟ್ಟಿದ್ದರೆ ಆಗ ಮಾತು ಬೇರೆ. ನಮಗೆ ಮನೆ ಮಾರಿದವರು ಕೊಟ್ಟ ಭರವಸೆ ಪಕ್ಕದವರನ್ನು ಹೇಗೆ ಕಟ್ಟಿಹಾಕುತ್ತದೆ, ಅಲ್ವಾ? ನಮ್ಮ ಮನೆಗೆ 20 ವರ್ಷ ಆಗಿಯೂ ಇರಲಿಲ್ಲ.

ಆದರೆ ನಮ್ಮ ಕೈಲಿ ಬೇರೆ ಹಿಡಿತ ಇತ್ತು, ಸೆಟ್‌ಬ್ಯಾಕ್, ಅಂದರೆ ಕಟ್ಟಡದ ಸುತ್ತ ಖಾಲಿ ಬಿಡಬೇಕಾದ ಜಾಗ. ನಮ್ಮ ಕಡೆ ಬಿಡಬೇಕಾದ ಜಾಗ ಬಿಡದೆ ಬಾಲ್ಕನಿ ಹೊರಗೆ ಚಾಚಿದ್ದರು. ನಮ್ಮ ಅಡುಗೆಮನೆ ಕಿಟಕಿಯಿಂದ ಕೈ ಚಾಚಿದರೆ ಅವರ ಕಂಬಿ ಸಿಗುತ್ತಿತ್ತು. ಸಿಮೆಂಟ್ ನೀರು ನಮ್ಮ ತುಳಸಿ ಕಟ್ಟೆ ಮೇಲೆ ಸುರಿದು ಗಟ್ಟಿಯಾಗಿದೆ, ಮಧ್ಯಾಹ್ನವೂ ಅವ್ವ ಲೈಟ್ ಹಾಕಿಕೊಂಡೇ ರೊಟ್ಟಿ ಬಡಿಯಬೇಕು. ಎಷ್ಟು ಜಾಗ ಬಿಡಬೇಕು, ಎಷ್ಟು ಎತ್ತರ ಏಳಬಹುದು ಅನ್ನುವುದು ಪ್ಲಾಟಿನ ಅಳತೆ, ರಸ್ತೆ ಅಗಲದ ಮೇಲೆ ಹೋಗುತ್ತದೆ, ಹಾಗಾಗಿ ನಿಮ್ಮ ಓಣಿಯ ಲೆಕ್ಕ ಬೇರೆ ಇರಬಹುದು. ಪರವಾನಗಿ ಮೀರಿ ಕಟ್ಟಿದರೆ ಕೆಲಸ ನಿಲ್ಲಿಸಲು, ಕೆಡವಲು ನೋಟಿಸ್ ಕೊಡುವ ಅಧಿಕಾರ 1976ರ ಕರ್ನಾಟಕ ಮಹಾನಗರ ಪಾಲಿಕೆಗಳ ಕಾಯ್ದೆಯ 321ನೇ ಕಲಮಿನಲ್ಲಿದೆ. ನಾವು ಅದರ ಮೇಲೆಯೇ ಅರ್ಜಿ ಹಾಕಿದೆವು. ಬಾಲ್ಕನಿ ಕತ್ತರಿಸಿದರು, ಮೇಲಿನ ಅಂತಸ್ತು ಹಾಗೇ ಉಳಿಯಿತು. ಅದು ಪ್ಲಾನಿನಲ್ಲೇ ಇತ್ತು.

ಪಕ್ಕದವರಿಗೆ ಮಂಜೂರಾದ ಪ್ಲಾನಿನ ಪ್ರತಿಯನ್ನು ಪಾಲಿಕೆಯಲ್ಲಿ ಆದಷ್ಟು ಬೇಗ ಕೇಳಿ, ಅಡಿಪಾಯ ಅಗೆಯುವಾಗಲೇ. ಮಾಹಿತಿ ಹಕ್ಕಿನ ಅರ್ಜಿಗೆ 10 ರೂಪಾಯಿ, ಉತ್ತರಕ್ಕೆ 30 ದಿನ. ಬೇರೆಯವರ ಕಾಗದ ಅಂತ ಮಾಲೀಕರನ್ನು ಕೇಳುವ ಕ್ರಮವೂ ಇದೆ, ಆಗ ಇನ್ನೂ ತಡ. ಅಷ್ಟರಲ್ಲಿ ಗೌಂಡಿಗಳು ಇನ್ನೊಂದು ಸ್ಲ್ಯಾಬ್ ಹಾಕಿರುತ್ತಾರೆ, ಹಾಕಿದ ಸ್ಲ್ಯಾಬ್ ಕೆಡವಿಸುವುದು ಸುಲಭದ ಮಾತಲ್ಲ.

ಫ್ಲ್ಯಾಟ್ ಕೊಳ್ಳುವವರು ‘ಲೇಕ್ ವ್ಯೂ’ ಅಂತ ಅಚ್ಚಾದ ಕಾಗದವನ್ನು ಎಸೆಯಬೇಡಿ. ಬಿಲ್ಡರ್‌ಗಳ ಮೇಲೆ ಕಣ್ಣಿಡುವ ರೇರಾ (ರಿಯಲ್ ಎಸ್ಟೇಟ್) ಕಾಯ್ದೆಯ 12ನೇ ಕಲಮಿನಲ್ಲಿ ಸುಳ್ಳು ಜಾಹೀರಾತು ನಂಬಿ ನಷ್ಟ ಆದವರು ಪರಿಹಾರ ಕೇಳಬಹುದು. ನಮ್ಮದು ಒಂಟಿ ಮನೆ, ಬರೀ ಬಾಯಿಮಾತು, ಆ ದಾರಿ ನಮಗಿಲ್ಲ.

ಪಕ್ಕದವರ ತಾಯಿ ಮತ್ತು ನಮ್ಮ ಅವ್ವ ಮೊದಲು ದಿನಾ ಸಂಜೆ ಕಟ್ಟೆ ಮೇಲೆ ಕೂತು ಮಾತಾಡುತ್ತಿದ್ದರು. ಈಗ ಎದುರಾದರೂ ಮುಖ ತಿರುಗಿಸುತ್ತಾರೆ. ನನಗೆ ಕೆರೆ ಮರೆಯಾದದ್ದಕ್ಕಿಂತ ಇದೇ ಜಾಸ್ತಿ ನೋವು. ಇದಕ್ಕೆಲ್ಲ ಕಾರಣನಾದವನು ಇನ್ನೂ ಅದೇ ಕೆರೆ ತೋರಿಸಿ ಬೇರೆಯವರಿಗೆ ಮನೆ ಮಾರುತ್ತಿದ್ದಾನೆ. ನಿಮಗೂ ಯಾರಾದರೂ ಹಾಗೆ ತೋರಿಸಿದರೆ, ಮುಂದಿನ ಖಾಲಿ ಪ್ಲಾಟಿನ ಸಿಟಿ ಸರ್ವೆ ಉತಾರ ತೆಗೆಸಿ, ಮಾಲೀಕರು ಯಾರು ಅಂತ ಪತ್ತೆ ಮಾಡಿ, ಅವರನ್ನೇ ಹೋಗಿ ಕೇಳಿ. ಅಲ್ಲಿಯವರೆಗೆ ಅಡ್ವಾನ್ಸ್ ಕೊಡಬೇಡಿ.