ಎದುರಾಳಿಯ ಕೈ ಅಳೆಯಲು ಚಾರ್ಟ್, ಆ್ಯಪ್, ನೋಟ್‌ಬುಕ್: ನನಗೆ ಒದಗಿದ್ದು ನೋಟ್‌ಬುಕ್

ಪೋಕರ್‌ನಲ್ಲಿ ಎದುರಾಳಿಯ ರೇಂಜ್, ಅಂದರೆ ಅವರ ಕೈಯಲ್ಲಿ ಇರಬಹುದಾದ ಎರಡೆರಡು ಎಲೆಗಳ ಜೊತೆಗಳ ಪೂರ್ತಿ ಗುಂಪು, ಊಹಿಸಲು ನನಗೆ ನೆರವಾದದ್ದು 30 ರೂಪಾಯಿಯ ನೋಟ್‌ಬುಕ್. ತಿಂಗಳಿಗೆ 1,500 ರೂಪಾಯಿಯಂತೆ ಮೂರು ತಿಂಗಳು ಹಣ ತೆತ್ತ, ಪೋಕರ್ ಕಲಿಸುವ ಆ್ಯಪ್ ಅಲ್ಲ.

ನಾವು ಎಂಟು ಜನ ಶನಿವಾರ ಸಂಜೆ ಮೈಸೂರಿನ ಕುವೆಂಪುನಗರದಲ್ಲಿ ಗೆಳೆಯನ ಮನೆಯ ಮಹಡಿಯಲ್ಲಿ ಸೇರುತ್ತೇವೆ. 2025ರ ಆಗಸ್ಟ್‌ನಲ್ಲಿ ಕೇಂದ್ರದ ಕಾಯ್ದೆ ಬಂದು ಹಣ ಕಟ್ಟಿ ಆಡುವ ಆನ್‌ಲೈನ್ ಪೋಕರ್ ನಿಷೇಧವಾದ ಮೇಲೆ ನನಗಿರುವುದು ಇದೊಂದೇ ಟೂರ್ನಿ. ತಿಂಡಿ ಕಾಫಿಗೆ ತಲಾ 100 ರೂಪಾಯಿ. ಗೆದ್ದವರು ಮುಂದಿನ ವಾರ ಕೊಡಬೇಕಿಲ್ಲ.

ಜೆರಾಕ್ಸ್ ಅಂಗಡಿಯಲ್ಲಿ ಬಣ್ಣದಲ್ಲಿ ಮುದ್ರಿಸಿಕೊಂಡ ಚಾರ್ಟ್ ಕೆಟ್ಟದ್ದೇನಲ್ಲ. ಚಿಪ್‌ಗಳು ಹತ್ತು ಬಿಗ್ ಬ್ಲೈಂಡ್‌ಗೆ (ಎಲೆ ನೋಡುವ ಮೊದಲೇ ಕಟ್ಟಲೇಬೇಕಾದ ಎರಡು ಪಣಗಳಲ್ಲಿ ದೊಡ್ಡದು) ಇಳಿದು, ಆಲ್ ಇನ್ (ಇದ್ದ ಚಿಪ್‌ಗಳನ್ನೆಲ್ಲ ಇಡುವುದು) ಅಥವಾ ಫೋಲ್ಡ್ (ಎಲೆ ಬಿಡುವುದು) ಎರಡೇ ದಾರಿ ಉಳಿದಾಗ ಈಗಲೂ ಅದನ್ನೇ ನಂಬುತ್ತೇನೆ. ಆದರೆ ಅದು ಹೇಳುವುದು ನಾನು ಆಡಬೇಕಾದ ಕೈಗಳನ್ನು, ಎದುರು ಕುಳಿತವರು ಆಡುವ ಕೈಗಳನ್ನಲ್ಲ.

ಆ್ಯಪ್ ನನಗೆ ಎಣಿಸುವುದನ್ನು ಕಲಿಸಿತು. ರಾಜನ ಜೋಡಿ 6 ಬಗೆಯಲ್ಲಿ ಬರಬಹುದು, ಎಕ್ಕ-ರಾಜ 16 ಬಗೆಯಲ್ಲಿ. ನನ್ನ ಕೈಯಲ್ಲೇ ಒಂದು ಎಕ್ಕ ಇದ್ದರೆ ಎದುರಾಳಿಯ ಎಕ್ಕದ ಜೋಡಿ 6ರಿಂದ 3ಕ್ಕೆ ಇಳಿಯುತ್ತದೆ.

ತೊಡಕು ಬಂದದ್ದು ಲಿಂಪ್‌ನಲ್ಲಿ. ನಮ್ಮ ಮಹಡಿಯಲ್ಲಿ ಅರ್ಧಕ್ಕರ್ಧ ಜನ ರೈಸ್ ಮಾಡದೆ, ಅಂದರೆ ಪಣ ಏರಿಸದೆ, ಬಿಗ್ ಬ್ಲೈಂಡ್‌ನಷ್ಟೇ ಹಾಕಿ ಒಳಗೆ ಬರುತ್ತಾರೆ; ಅದೇ ಲಿಂಪ್. ನನ್ನ ಆ್ಯಪ್‌ನ ಪಾಠಗಳಲ್ಲಿ ಮೊದಲ ಜಾಗದವರು, ಅಂದರೆ ಮೊದಲು ಆಡುವವರು, ರೈಸ್ ಮಾಡುತ್ತಾರೆ, ಇಲ್ಲವೇ ಎಲೆ ಬಿಡುತ್ತಾರೆ. ಹಾಗಾಗಿ ಲಿಂಪ್ ಮಾಡಿದವರನ್ನೆಲ್ಲ ನಾನು ನೂರಕ್ಕೆ ಹದಿನೈದು ಕೈಗಳಿಂದ ರೈಸ್ ಮಾಡುವವರ ಲೆಕ್ಕಕ್ಕೆ ಸೇರಿಸಿಕೊಂಡಿದ್ದೆ.

ಒಂದು ಶನಿವಾರ ಬ್ಲೈಂಡ್ 200-400 ಚಿಪ್. ಮೊದಲ ಜಾಗದಲ್ಲಿದ್ದ ನಿವೃತ್ತ ಮೇಷ್ಟ್ರು 400 ಇಟ್ಟರು. "ಏನು ಮೇಷ್ಟ್ರೇ, ರೈಸ್ ಇಲ್ಲವೇ?" ಎಂದೆ. "ನೋಡೋಣ ಇರಪ್ಪ" ಎಂದರು. ಬಟನ್‌ನಲ್ಲಿ (ಎಲೆ ಹಂಚುವವರ ಜಾಗ) ನನ್ನ ಬಳಿ ಎಕ್ಕ-ರಾಣಿ, 1,600ಕ್ಕೆ ಏರಿಸಿದೆ. ಅವರು ಕನ್ನಡಕ ಸರಿಮಾಡಿಕೊಂಡು, ಚಿಪ್‌ಗಳ ಎರಡು ಗೋಪುರವನ್ನೂ ಅಂಗೈಯಲ್ಲಿ ಮುಂದಕ್ಕೆ ತಳ್ಳಿದರು. ಹದಿನೈದರ ಲೆಕ್ಕ ನಂಬಿ ಕಾಲ್ ಮಾಡಿದೆ, ಅವರ ಪಣಕ್ಕೆ ಸರಿಯಾಗಿ ನನ್ನ ಚಿಪ್‌ಗಳನ್ನೂ ಇಟ್ಟೆ. ಅವರು ತೆರೆದದ್ದು ರಾಜನ ಜೋಡಿ. ನಾನು ಹೊರಗೆ.

ಮನೆಗೆ ಬಂದು ನೆನಪಿದ್ದಷ್ಟು ಬರೆದೆ. ಮೇಷ್ಟ್ರು ಹೀಗೆ ಲಿಂಪ್ ಮಾಡಿ ಮತ್ತೆ ಏರಿಸಿ, ಕೊನೆಗೆ ಎಲೆ ತೋರಿಸಿದ್ದು ಅದು ಐದನೆಯ ಸಲ: ಎಕ್ಕದ ಜೋಡಿ, ರಾಜನ ಜೋಡಿ, ರಾಣಿಯ ಜೋಡಿ, ಎಕ್ಕ-ರಾಜ, ಮತ್ತೆ ರಾಜನ ಜೋಡಿ. ನನ್ನ ಎಕ್ಕ ಮತ್ತು ರಾಣಿಯನ್ನು ಕಳೆದು ಎಣಿಸಿದರೆ 3, 6, 3, 12. ಒಟ್ಟು 24 ಬಗೆ. ಅಷ್ಟರಲ್ಲಿ ಒಂದಕ್ಕೂ ನಾನು ಮುಂದಿಲ್ಲ! ಆ್ಯಪ್‌ನ ಹಣ ಹೋದದ್ದಕ್ಕಿಂತ, ಐದು ಸಲವೂ ಕಣ್ಣೆದುರೇ ಇದ್ದುದನ್ನು ನೋಡದೆ ಹೋದೆನಲ್ಲ ಎಂದು ಹೊಟ್ಟೆ ಉರಿಯಿತು.

ಈಗ ಒಬ್ಬೊಬ್ಬರಿಗೆ ಎರಡು ಪುಟ. ಕೈ ಮುಗಿದ ಮೇಲೆ ಜಾಗ, ಮಾಡಿದ ಕೆಲಸ, ತೋರಿಸಿದ ಎಲೆ ಇಷ್ಟನ್ನೇ ಬರೆಯುತ್ತೇನೆ. ಒಂದು ಎಚ್ಚರ ಬೇಕು: ಕೊನೆಯವರೆಗೆ ಬಂದ ಎಲೆಗಳು ಮಾತ್ರ ಕಾಣುತ್ತವೆ, ಮಧ್ಯದಲ್ಲಿ ಬಿಟ್ಟವು ಕಾಣುವುದಿಲ್ಲ. ಅದಕ್ಕೇ ಹತ್ತು ಕೈಗಳಲ್ಲಿ ಎಷ್ಟಕ್ಕೆ ಒಳಗೆ ಬಂದರು ಎಂಬುದನ್ನೂ ಅಂಚಿನಲ್ಲಿ ಗೀಟು ಹಾಕಿ ಎಣಿಸುತ್ತೇನೆ.

ವಾರವಾರವೂ ಹೊಸಬರ ಜೊತೆ ಆಡುವವರಿಗೆ ಚಾರ್ಟೇ ಸರಿ. ನನ್ನ ಹಾಗೆ ಅದೇ ಏಳು ಮುಖಗಳ ಎದುರು ಕೂರುವವರು, ತಿಂಗಳಿಗೆ 1,500 ಭಾರವೆನಿಸುವವರು, ನೋಟ್‌ಬುಕ್ ಕೊಳ್ಳಿ. ಕಳೆದ ಶನಿವಾರ ಮೇಷ್ಟ್ರು ಮೊದಲ ಜಾಗದಿಂದ ನೇರವಾಗಿ ರೈಸ್ ಮಾಡಿದರು, ಎಲ್ಲರೂ ಫೋಲ್ಡ್ ಮಾಡಿದೆವು, ಎಲೆ ತೋರಿಸಲಿಲ್ಲ. ಅವರ ಪುಟದಲ್ಲಿ ಆ ಸಾಲಿನ ಮುಂದೆ ಪ್ರಶ್ನೆ ಚಿಹ್ನೆ ಹಾಕಿಟ್ಟಿದ್ದೇನೆ.