ಸೆಮಿಸ್ಟರ್ ರಜೆಗೆ ಹಂಪಿಯೋ, ಮಡಿಕೇರಿಯೋ?

ಹೊರದೇಶದಲ್ಲಿ ಪಾಠ ಮಾಡುವ ಗಂಡ-ಹೆಂಡತಿ ಡಿಸೆಂಬರ್‌ನಲ್ಲಿ ಬೆಂಗಳೂರಿಗೆ ಬಂದರೆ ಅರ್ಧ ರಜೆ ನೆಂಟರ ಮನೆ ಊಟಕ್ಕೇ ಹೋಗುತ್ತದೆ, ಅಲ್ವಾ? ಉಳಿದ ಎರಡು-ಮೂರು ದಿನಕ್ಕೆ ನಾನು ಹೇಳುವುದು ಹಂಪಿ. ರಾತ್ರಿ ಹಂಪಿ ಎಕ್ಸ್‌ಪ್ರೆಸ್ ಹತ್ತಿ ಮಲಗಿದರೆ ಬೆಳಗ್ಗೆ ಹೊಸಪೇಟೆ. ಅಲ್ಲಿಂದ ಸುಮಾರು 13 ಕಿ.ಮೀ., ಬಸ್ಸು, ಆಟೋ ಎರಡೂ ಇವೆ. ಒಂದು ದಿನ ಬೇಗ ಎದ್ದು ಮಾತಂಗ ಬೆಟ್ಟ ಹತ್ತಿ. ಎಳೆಬಿಸಿಲು ಮೊದಲು ಬಂಡೆಗಳ ನೆತ್ತಿಗೆ ಬಿದ್ದು, ಆಮೇಲೆ ಮೆಲ್ಲಗೆ ಅಚ್ಯುತರಾಯ ದೇವಸ್ಥಾನದ ಅಂಗಳಕ್ಕೆ ಇಳಿಯುತ್ತದೆ. ವಿಠ್ಠಲ ದೇವಸ್ಥಾನದ ಕಲ್ಲಿನ ರಥದ ಮುಂದೆ ಫೋಟೋ ತೆಗೆದು ಓಡಬೇಡಿ, ಚಕ್ರದ ಕೆತ್ತನೆಯನ್ನು ಹತ್ತಿರದಿಂದ ನೋಡಿ.

ಮಡಿಕೇರಿಗೆ ರೈಲಿಲ್ಲ, ರಸ್ತೆಯೇ ಗತಿ. ವಾರಾಂತ್ಯದಲ್ಲಿ ಟ್ರಾಫಿಕ್ ಜಾಸ್ತಿ. ಆದರೆ ಇಬ್ಬರೇ ಸುಮ್ನೆ ಕೂತು ಮಾತಾಡಬೇಕು ಅನ್ನುವವರಿಗೆ ಅದೇ ಸರಿ. ಡಿಸೆಂಬರ್ ಅಲ್ಲಿ ಕಾಫಿ ಕೊಯ್ಲಿನ ಕಾಲ, ಕಣದಲ್ಲಿ ಹಣ್ಣು ಹರವಿರುತ್ತಾರೆ.

ರಜೆ ಏಪ್ರಿಲ್‌ನಲ್ಲಿ ಸಿಕ್ಕರೆ ಮಾತ್ರ ಹಂಪಿ ಬೇಡ. ಬಂಡೆ ಕಾದು ಬೆಂಕಿಯಾಗಿರುತ್ತದೆ.